ನೇರವಾಗಿ ಕೇಳೋಣ, ಜೊತೆಗೆ ನಿಲ್ಲೋಣ

ಹದಿಹರೆಯದವರಲ್ಲಿ ಆತ್ಮಹತ್ಯೆಯ ಅಪಾಯವನ್ನು ಗುರುತಿಸುವ ಬಗ್ಗೆ ಒಂದು ಪಾಠ



ಈ ಸಂಚಿಕೆಯ ಪಾಠ ನಿಮ್ಮ ಪಠ್ಯಪುಸ್ತಕದಲ್ಲಿಲ್ಲ, ಪರೀಕ್ಷೆಗೂ ಬರುವುದಿಲ್ಲ. ಆದರೆ ಇದು ಎಂದೋ ಒಂದು ದಿನ ನಿಮ್ಮ ಪಕ್ಕದ ಬೆಂಚಿನವರ ಜೀವ ಉಳಿಸಬಹುದು. ಓದುವಾಗ ನಿಮ್ಮದೇ ಮನಸ್ಸು ಭಾರವಾದರೆ ಓದು ನಿಲ್ಲಿಸಿ, ನೀವು ನಂಬುವ ಹಿರಿಯರೊಬ್ಬರ ಹತ್ತಿರ ಹೋಗಿ ಕುಳಿತುಕೊಳ್ಳಿ. ಇಲ್ಲವೇ 14416ಕ್ಕೆ ಕರೆ ಮಾಡಿ. ಅದು ಟೆಲಿ-ಮಾನಸ್ ಸಹಾಯವಾಣಿ. ಉಚಿತ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೂ ಮಾತನಾಡಬಹುದು.

ಒಂದು ಉದಾಹರಣೆ

ಇದು ಪಾಠಕ್ಕಾಗಿ ಕಲ್ಪಿಸಿಕೊಂಡದ್ದು, ಯಾರ ಮನೆಯ ಕಥೆಯೂ ಅಲ್ಲ. ತಿಕೋಟಾ ಕಡೆಯ ಹುಡುಗನೊಬ್ಬ ವಿಜಯಪುರದಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾನೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಶಾಲೆಗೇ ಮೊದಲಿಗನಾಗಿದ್ದ. ಇಲ್ಲಿಗೆ ಬಂದ ಮೇಲೆ ಭೌತಶಾಸ್ತ್ರ, ರಸಾಯನಶಾಸ್ತ್ರ ಎಲ್ಲವೂ ಇಂಗ್ಲಿಷಿನಲ್ಲಿ. ಕಿರು ಪರೀಕ್ಷೆಯಲ್ಲಿ ಎರಡು ವಿಷಯ ಕೈಕೊಟ್ಟವು. ಊರಲ್ಲಿ ಎರಡು ಎಕರೆ ದ್ರಾಕ್ಷಿ ಪಡ ಇದೆ. ಒಣಗಲು ಹಾಕಿದ ಹಣ್ಣು ಅಕಾಲದ ಮಳೆಗೆ ಸಿಕ್ಕು ಹೋಯಿತು, ಸಾಲ ಉಳಿಯಿತು. ಫೋನು ಮಾಡಿದಾಗಲೆಲ್ಲ ತಂದೆ, "ನಿನ್ನ ಮ್ಯಾಲೇ ನಮ್ಮ ಆಸೆ ಐತಿ ನೋಡಪಾ" ಎನ್ನುತ್ತಾರೆ. ಪ್ರೀತಿಯ ಮಾತೇ. ಆದರೆ ಹುಡುಗನ ಕಿವಿಗೆ ಅದು ಹೊರೆಯಾಗಿ ಬೀಳುತ್ತದೆ.

ಮೊದಲ ಬೆಂಚಿನವನು ಕೊನೆಯ ಬೆಂಚಿಗೆ ಹೋದ. ಊಟ ಕಡಿಮೆಯಾಯಿತು. ರಾತ್ರಿ ನಿದ್ದೆ ಇಲ್ಲ, ಹಗಲು ತರಗತಿಯಲ್ಲಿ ತೂಕಡಿಕೆ. ಸಣ್ಣ ಮಾತಿಗೂ ಸಿಡಿಮಿಡಿ. ಒಂದು ಸಂಜೆ ತನಗೆ ತುಂಬ ಇಷ್ಟವಾದ ಕ್ರಿಕೆಟ್ ಬ್ಯಾಟನ್ನು ಬಬಲೇಶ್ವರದ ಗೆಳೆಯನಿಗೆ ಕೊಟ್ಟು, "ಇಟ್ಕೋ, ಇನ್ನ ನನಗ ಬೇಕಾಗೂದಿಲ್ಲ" ಎಂದ.

ಆ ಗೆಳೆಯ ಈಗ ಏನು ಮಾಡಬೇಕು? ಈ ಪಾಠವೆಲ್ಲ ಈ ಒಂದು ಪ್ರಶ್ನೆಗೆ ಉತ್ತರ.

ಸಮಸ್ಯೆ ಎಷ್ಟು ದೊಡ್ಡದು?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 7,27,000 ಜನ ಆತ್ಮಹತ್ಯೆಯಿಂದ ತೀರಿಕೊಂಡರು. 15ರಿಂದ 29 ವರ್ಷದವರ ಸಾವಿಗೆ ಇದು ಮೂರನೇ ದೊಡ್ಡ ಕಾರಣ. ನಮ್ಮ ದೇಶದಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2022ರಲ್ಲಿ 1,70,924 ಇಂಥ ಸಾವುಗಳನ್ನು ದಾಖಲಿಸಿತು. ಅವುಗಳಲ್ಲಿ 13,606 ಕರ್ನಾಟಕದವು. ದೇಶದಲ್ಲಿ ಹೀಗೆ ತೀರಿಕೊಂಡವರ ಪೈಕಿ 13,044 ಮಂದಿ ವಿದ್ಯಾರ್ಥಿಗಳು, ಅಂದರೆ ದಿನಕ್ಕೆ ಸರಾಸರಿ 35ಕ್ಕಿಂತ ಹೆಚ್ಚು.

ಇನ್ನೊಂದು ಸಂಖ್ಯೆಯನ್ನೂ ಜೊತೆಗಿಟ್ಟು ನೋಡಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಆರೋಗ್ಯದ ತೊಂದರೆ ಕಂಡುಬಂತು. ಅದೇ ಪ್ರಮಾಣ ನಮ್ಮಲ್ಲೂ ಇದ್ದರೆ 70 ಮಕ್ಕಳ ತರಗತಿಯಲ್ಲಿ ಸುಮಾರು ಐವರು. ಅವರೆಲ್ಲರಿಗೂ ಆತ್ಮಹತ್ಯೆಯ ಅಪಾಯ ಇದೆ ಎಂದಲ್ಲ. ಸಾಯುವ ಯೋಚನೆ ಬಂದವರಲ್ಲಿ ಬಹುಪಾಲು ಮಂದಿ ಅದನ್ನು ದಾಟಿ ಬದುಕುತ್ತಾರೆ. ಈ ದಾಟುವಿಕೆಗೆ ಆಸರೆಯಾಗುವುದು ಹೇಗೆ ಎಂಬುದೇ ನಾವು ಕಲಿಯಬೇಕಾದದ್ದು.

ಮೂರು ಪದಗಳನ್ನು ಬಿಡಿಸಿ ನೋಡೋಣ

ಅಪಾಯದ ಅಂಶಗಳು: ಮೊದಲೇ ಇದ್ದು ಅಪಾಯವನ್ನು ಹೆಚ್ಚಿಸುವ ಸಂಗತಿಗಳು. ಹಿಂದೆ ಒಮ್ಮೆ ಪ್ರಯತ್ನಿಸಿರುವುದು ಇವುಗಳಲ್ಲಿ ಬಹಳ ಮುಖ್ಯ. ಚಿಕಿತ್ಸೆ ಸಿಗದ ಖಿನ್ನತೆ, ಮದ್ಯ ಅಥವಾ ಮಾದಕ ವಸ್ತುಗಳ ಚಟ, ಹೊಡೆತ ಮತ್ತು ದೌರ್ಜನ್ಯ, ಆಪ್ತರ ಸಾವು, ಮನೆಯ ಸಾಲ, ದುಡಿಯಲು ಊರು ಬಿಟ್ಟು ಹೋದ ತಂದೆತಾಯಿ, ಒಪ್ಪಿಗೆ ಕೇಳದೆ ಗೊತ್ತುಮಾಡಿದ ಮದುವೆ, ಮೊಬೈಲಿನಲ್ಲಿ ಫೋಟೊ ಹಂಚುವ ಬೆದರಿಕೆ, ಅಂಕದ ಅವಮಾನ – ಇವೆಲ್ಲ ಇದರಲ್ಲಿ ಬರುತ್ತವೆ. ಯಾವ ಸಾವಿಗೂ ಕಾರಣ ಒಂದೇ ಇರುವುದಿಲ್ಲ. "ಫೇಲಾದನಂತೆ, ಅದಕ್ಕೇ" ಎಂಬ ಮಾತು ಯಾವಾಗಲೂ ಅರ್ಧ ಸತ್ಯ. ಅಲ್ಲದೆ ಅದು ಫೇಲಾದ ಬೇರೆ ಮಕ್ಕಳಿಗೆ ತಪ್ಪು ದಾರಿ ತೋರಿಸುತ್ತದೆ.

ಎಚ್ಚರಿಕೆಯ ಚಿಹ್ನೆಗಳು: ಈಗ, ಈ ದಿನಗಳಲ್ಲಿ ಕಾಣುವ ಬದಲಾವಣೆಗಳು. "ನಾ ಇಲ್ಲಂದ್ರ ಎಲ್ಲಾರೂ ಆರಾಮ ಇರ್ತೀರಿ" ಎಂಬಂಥ ಮಾತು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, ಎಲ್ಲರಿಗೂ ವಿದಾಯ ಹೇಳುವಂಥ ಸ್ಟೇಟಸ್, ಗೆಳೆಯರಿಂದ ದೂರ ಸರಿಯುವುದು, ನಿದ್ದೆ ಊಟ ಕೆಡುವುದು. ಹದಿಹರೆಯದಲ್ಲಿ ಖಿನ್ನತೆ ಯಾವಾಗಲೂ ಅಳುವಾಗಿ ಕಾಣುವುದಿಲ್ಲ. ಸಿಟ್ಟಾಗಿ, ತಲೆನೋವು ಹೊಟ್ಟೆನೋವಾಗಿ, ಪದೇ ಪದೇ ಗೈರುಹಾಜರಿಯಾಗಿ ಕಾಣಬಹುದು. ಬಹಳ ದಿನ ಕುಗ್ಗಿದ್ದವರು ಕಾರಣವಿಲ್ಲದೆ ತಟ್ಟನೆ ಶಾಂತರಾದರೂ ಹತ್ತಿರ ಹೋಗಿ ಮಾತನಾಡಿಸಬೇಕು.

ರಕ್ಷಣೆಯ ಅಂಶಗಳು: ಜೀವಕ್ಕೆ ಆಸರೆಯಾಗುವ ಸಂಗತಿಗಳು. ಕಿವಿಗೊಡುವ ಒಬ್ಬ ಗೆಳೆಯ, ಬೈಯದೆ ಕೇಳುವ ಅಮ್ಮ ಅಥವಾ ಅಕ್ಕ, ಹೆಸರು ಹಿಡಿದು ಮಾತನಾಡಿಸುವ ಉಪನ್ಯಾಸಕರು, ನಂಬಿಕೆ, ಆಟದ ತಂಡ, ಸಮಯಕ್ಕೆ ಸಿಗುವ ಚಿಕಿತ್ಸೆ. ನಮ್ಮ ಕೈಯಲ್ಲಿ ಹೆಚ್ಚಾಗಿ ಇರುವುದು ಈ ಮೂರನೆಯದೇ.

ಈ ಮೂರನ್ನೂ ನಮ್ಮ ಉದಾಹರಣೆಗೆ ಹೊಂದಿಸಿ. ಸಾಲ ಮತ್ತು ಅಂಕ ಅಪಾಯದ ಅಂಶಗಳು. ಬ್ಯಾಟು ಕೊಟ್ಟದ್ದು ಎಚ್ಚರಿಕೆಯ ಚಿಹ್ನೆ. ಬಬಲೇಶ್ವರದ ಗೆಳೆಯ ರಕ್ಷಣೆಯ ಅಂಶ. ಅವನು ಬಾಯಿ ಬಿಟ್ಟು ಕೇಳಿದರೆ ಮಾತ್ರ.

"ಕೇಳಿದರೆ ಆ ಯೋಚನೆ ಬಂದೀತು" ಎಂಬ ಹೆದರಿಕೆ

ಹಿರಿಯರೂ ಕಿರಿಯರೂ ಬಾಯಿ ಮುಚ್ಚಿಕೊಳ್ಳುವುದು ಈ ಒಂದು ಹೆದರಿಕೆಯಿಂದ. ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ 6 ಪ್ರೌಢಶಾಲೆಗಳ 2,342 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಆತ್ಮಹತ್ಯೆಯ ಯೋಚನೆಯ ಬಗ್ಗೆ ಪ್ರಶ್ನೆ ಕೇಳಲಾಯಿತು. 2005ರಲ್ಲಿ ಫಲಿತಾಂಶ ಪ್ರಕಟವಾಯಿತು. ಪ್ರಶ್ನೆ ಕೇಳಿಸಿಕೊಂಡವರಲ್ಲಿ ಸಂಕಟವಾಗಲಿ ಆ ಯೋಚನೆಯಾಗಲಿ ಹೆಚ್ಚಾಗಿರಲಿಲ್ಲ. ಮೊದಲೇ ಖಿನ್ನತೆಯಲ್ಲಿದ್ದವರಿಗೆ ಹಾಗೂ ಹಿಂದೆ ಪ್ರಯತ್ನಿಸಿದ್ದವರಿಗೆ ಕೇಳಿದ ಮೇಲೆ ಸ್ವಲ್ಪ ಹಗುರವಾದಂತೆಯೇ ಕಂಡಿತು. ನೋವನ್ನು ಒಬ್ಬರೇ ಹೊತ್ತವರಿಗೆ ಯಾರಾದರೂ ಬಾಯಿ ಬಿಟ್ಟು ಕೇಳಿದರೆ ಹೊರೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ.

ತಪಾಸಣೆ ಎಂದರೇನು?

ಕಾಲೇಜಿನ ಆರೋಗ್ಯ ಶಿಬಿರದಲ್ಲಿ ನಿಮ್ಮ ಹಿಮೋಗ್ಲೋಬಿನ್ ನೋಡುತ್ತಾರೆ. ಕಡಿಮೆ ಬಂದರೆ ರೋಗ ಇಂಥದ್ದೇ ಎಂದು ಅಲ್ಲೇ ಹೇಳುವುದಿಲ್ಲ, ವೈದ್ಯರ ಹತ್ತಿರ ಕಳಿಸುತ್ತಾರೆ. ಆತ್ಮಹತ್ಯೆಯ ಅಪಾಯದ ಪ್ರಾಥಮಿಕ ತಪಾಸಣೆ, ಅಂದರೆ ಸ್ಕ್ರೀನಿಂಗ್, ಕೂಡ ಹೀಗೆಯೇ. ಅದು ರೋಗನಿರ್ಣಯವಲ್ಲ. ಯಾರೊಂದಿಗೆ ಇವತ್ತೇ ಕುಳಿತು ಮಾತನಾಡಬೇಕು ಎಂದು ತಿಳಿಸುವ ಒಂದು ಜರಡಿ.

ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಎ.ಎಸ್.ಕ್ಯೂ. ಎಂಬ ತಪಾಸಣೆಯಲ್ಲಿ ನಾಲ್ಕೇ ಪ್ರಶ್ನೆಗಳಿವೆ. ಅವುಗಳ ಸಾರ ಹೀಗಿದೆ: ಕೆಲವು ವಾರಗಳಿಂದ ತಾನು ಇರಬಾರದಿತ್ತು ಅನ್ನಿಸಿದೆಯೇ? ತಾನಿಲ್ಲದಿದ್ದರೆ ತನಗೋ ಮನೆಯವರಿಗೋ ಒಳ್ಳೆಯದು ಅನ್ನಿಸಿದೆಯೇ? ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯೇ? ಹಿಂದೆ ಎಂದಾದರೂ ಪ್ರಯತ್ನಿಸಿದ್ದುಂಟೇ? ಒಂದಕ್ಕೆ ಹೌದು ಎಂದರೂ, ಉತ್ತರಿಸಲು ನಿರಾಕರಿಸಿದರೂ ಐದನೆಯ ಪ್ರಶ್ನೆ ಬರುತ್ತದೆ: ಈಗ, ಈ ಹೊತ್ತಿನಲ್ಲಿ ಆ ಯೋಚನೆ ಇದೆಯೇ? ಅದಕ್ಕೂ ಹೌದು ಎಂದರೆ ಆ ವ್ಯಕ್ತಿಯನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡದೆ ತಕ್ಷಣ ತಜ್ಞರ ಹತ್ತಿರ ಕರೆದೊಯ್ಯಬೇಕು. ಕೊಲಂಬಿಯಾ ಮಾಪನ ಎಂಬ ಇನ್ನೊಂದು ತಪಾಸಣೆ ಯೋಚನೆ, ಯೋಜನೆ, ಪ್ರಯತ್ನ ಎಂಬ ಮೆಟ್ಟಿಲುಗಳನ್ನು ಬೇರೆ ಬೇರೆಯಾಗಿ ಕೇಳುತ್ತದೆ. ಮೆಟ್ಟಿಲು ಏರಿದಷ್ಟೂ ಅಪಾಯ ಹೆಚ್ಚು.

ಸ್ವಲ್ಪ ಗಣಿತ ಮಾಡೋಣ. 10ರಿಂದ 21 ವರ್ಷದ 524 ಆಸ್ಪತ್ರೆ ರೋಗಿಗಳಲ್ಲಿ ಪರೀಕ್ಷಿಸಿದಾಗ ಎ.ಎಸ್.ಕ್ಯೂ. ನಿಜವಾಗಿ ಅಪಾಯದಲ್ಲಿದ್ದ 100ರಲ್ಲಿ ಸುಮಾರು 97 ಜನರನ್ನು ಹಿಡಿಯಿತು. ಅಪಾಯವಿಲ್ಲದ 100ರಲ್ಲಿ ಸುಮಾರು 88 ಜನರನ್ನು ಸರಿಯಾಗಿ ಹೊರಗಿಟ್ಟಿತು. 500 ವಿದ್ಯಾರ್ಥಿಗಳ ಕಾಲೇಜಿನಲ್ಲಿ 20 ಮಂದಿ ಅಪಾಯದಲ್ಲಿದ್ದಾರೆ ಎಂದು ಇಟ್ಟುಕೊಳ್ಳಿ. ಅದೇ ನಿಖರತೆ ಇಲ್ಲಿಯೂ ಸಿಕ್ಕರೆ 19 ಮಂದಿ ಪತ್ತೆಯಾಗುತ್ತಾರೆ, ಒಬ್ಬರು ತಪ್ಪಿಹೋಗುತ್ತಾರೆ. ಉಳಿದ 480ರಲ್ಲಿ ಸುಮಾರು 58 ಮಂದಿಗೂ "ಹೌದು" ಎಂಬ ಗುರುತು ಬೀಳುತ್ತದೆ. ಒಟ್ಟು 77. ಈ 77 ಮಂದಿಯ ಜೊತೆ ಅದೇ ದಿನ ಒಬ್ಬೊಬ್ಬರಾಗಿ ಕುಳಿತು ಮಾತನಾಡಲು ತರಬೇತಾದವರು ಬೇಕು. ಅವರಿಲ್ಲದೆ ಹಂಚಿದ ಪ್ರಶ್ನೆಪತ್ರಿಕೆ ಬರಿ ಕಾಗದ. ಅದಕ್ಕಿಂತ ಕೆಟ್ಟದ್ದೂ ಆಗಬಹುದು. "ಹೌದು" ಎಂದು ಬರೆದ ಮಗು ಯಾರೂ ಕರೆಯಲಿಲ್ಲವಲ್ಲ ಎಂದು ಇನ್ನಷ್ಟು ಕುಗ್ಗುತ್ತದೆ.

ಆದ್ದರಿಂದ ಶನಿವಾರ ರಾತ್ರಿ ತರಗತಿಯ ವಾಟ್ಸಾಪ್ ಗುಂಪಿಗೆ ಇಂಥ ಪ್ರಶ್ನೆಗಳ ಫಾರ್ಮು ಹಾಕಿ ಸೋಮವಾರ ತೆರೆದು ನೋಡುವುದು ತಪಾಸಣೆಯಲ್ಲ. ವಿದ್ಯಾರ್ಥಿಗಳೇ ಒಬ್ಬರಿಗೊಬ್ಬರು ಅಂಕ ಹಾಕುವುದೂ ತಪಾಸಣೆಯಲ್ಲ. ತಪಾಸಣೆ ನಡೆಸುವುದಾದರೆ ಪೋಷಕರಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು, ಖಾಸಗಿಯಾಗಿ ಕೇಳಬೇಕು, ಉತ್ತರಗಳು ಸ್ಟಾಫ್ ರೂಮಿನ ಮಾತಾಗಬಾರದು, ಆಪ್ತಸಮಾಲೋಚಕರು ಅಂದೇ ಲಭ್ಯರಿರಬೇಕು.

ವಿದ್ಯಾರ್ಥಿಗಳೇ ಮುಖ್ಯ ಎನ್ನುವ ಒಂದು ಅಧ್ಯಯನ

ಯುರೋಪಿನ 10 ದೇಶಗಳ 168 ಶಾಲೆಗಳಲ್ಲಿ 11,110 ವಿದ್ಯಾರ್ಥಿಗಳ ಮೇಲೆ ನಡೆದ ದೊಡ್ಡ ಅಧ್ಯಯನವೊಂದು 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೆಲವು ಶಾಲೆಗಳಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟರು. ಕೆಲವೆಡೆ ತಜ್ಞರು ತಪಾಸಣೆ ಮಾಡಿ ಅಪಾಯದಲ್ಲಿದ್ದವರನ್ನು ಆಸ್ಪತ್ರೆಗೆ ಕಳಿಸಿದರು. ಇನ್ನು ಕೆಲವೆಡೆ ವಿದ್ಯಾರ್ಥಿಗಳನ್ನೇ ಕೂರಿಸಿ ಮನಸ್ಸಿನ ಸಂಕಟ, ಗೆಳೆಯರಿಗೆ ಸಹಾಯ ಇವುಗಳ ಬಗ್ಗೆ ಮಾತುಕತೆ ನಡೆಸಿದರು, ಪಾತ್ರಾಭಿನಯ ಮಾಡಿಸಿದರು, ಕೈಪಿಡಿ ಕೊಟ್ಟರು. ನಾಲ್ಕನೆಯ ಗುಂಪಿಗೆ ಗೋಡೆಯ ಮೇಲಿನ ಭಿತ್ತಿಪತ್ರಗಳಷ್ಟೇ.

ಒಂದು ವರ್ಷದ ನಂತರ ಸ್ಪಷ್ಟ ವ್ಯತ್ಯಾಸ ಕಂಡದ್ದು ವಿದ್ಯಾರ್ಥಿಗಳೇ ಮಾತನಾಡಿದ ಗುಂಪಿನಲ್ಲಿ. ಅಲ್ಲಿ ಹೊಸದಾಗಿ ಪ್ರಯತ್ನಕ್ಕೆ ಇಳಿದವರು ಶೇ. 0.70, ಭಿತ್ತಿಪತ್ರವಷ್ಟೇ ಇದ್ದ ಗುಂಪಿನಲ್ಲಿ ಶೇ. 1.51. ಅರ್ಧಕ್ಕಿಂತ ಕಡಿಮೆ. ಶಿಕ್ಷಕರ ತರಬೇತಿಯೊಂದೇ, ತಪಾಸಣೆಯೊಂದೇ ಅಷ್ಟು ಫಲ ಕೊಡಲಿಲ್ಲ. ಹಾಗೆಂದು ಅವು ಬೇಡವೆಂದಲ್ಲ. ಜರಡಿ ಹಿಡಿಯುವ ಮೊದಲೇ ಮಕ್ಕಳು ಒಬ್ಬರಿಗೊಬ್ಬರು ಬಾಯಿ ಬಿಡುವ ವಾತಾವರಣ ಇರಬೇಕು.

ಕೇಳುವುದು ಹೇಗೆ?

ಮತ್ತೆ ನಮ್ಮ ಗೆಳೆಯನ ಹತ್ತಿರ ಬರೋಣ. ಅವನು ಬ್ಯಾಟು ತೆಗೆದುಕೊಂಡು "ಥ್ಯಾಂಕ್ಸ್ ಲೇ" ಎಂದು ಹೋಗಲಿಲ್ಲ. ಊಟದ ನಂತರ ಬೇರೆಯವರಿಲ್ಲದ ಕಡೆ ಕರೆದುಕೊಂಡು ಕುಳಿತ.

"ಯಾಕೋ, ಹದಿನೈದ ದಿನದಿಂದ ನೋಡ್ಲಿಕತ್ತೀನಿ. ಊಟಿಲ್ಲ, ಮಾತಿಲ್ಲ. ಈಗ ಬ್ಯಾಟೂ ಕೊಟ್ಟಿ. ಏನಾಗೈತಿ?"

"ಏನಿಲ್ಲ ಬಿಡು."

"ನಾ ಬಿಡೂದಿಲ್ಲ. ಸೀದಾ ಕೇಳ್ತೀನಿ, ಸಿಟ್ಟಿಗೇಳಬ್ಯಾಡ. ಜೀವಾ ಕಳಕೋಬೇಕು ಅಂತ ವಿಚಾರ ಬಂದೈತೇನು?"

ಬಹಳ ಹೊತ್ತು ಸುಮ್ಮನಿದ್ದು ಅವನು, "ಬರ್ತೈತಿ" ಎಂದ.

ಗೆಳೆಯ ಉಪದೇಶ ಮಾಡಲಿಲ್ಲ. "ಹೇಳಿದ್ದು ಛಲೋ ಆತು. ನಾ ಇಲ್ಲೇ ಅದೀನಿ" ಎಂದ. ಅವನು ಹೇಳುವಷ್ಟನ್ನೂ ಕೇಳಿದ. ಕೊನೆಗೆ "ಯಾರಿಗೂ ಹೇಳಬ್ಯಾಡ" ಎಂದಾಗ, "ಅದೊಂದು ಮಾತ ನಾ ಕೊಡೂದಿಲ್ಲ. ಇಬ್ಬರೂ ಕೂಡಿ ಸರ್ ಹತ್ರ ಹೋಗೂಣು" ಎಂದು ಎದ್ದ.

ಇದರಲ್ಲಿ ನಾಲ್ಕು ಹೆಜ್ಜೆಗಳಿವೆ. ಒಂದು, ಕಂಡದ್ದನ್ನು ಹೇಳುವುದು. ಎರಡು, ನೇರವಾಗಿ ಕೇಳುವುದು. "ಹಂಗೇನೂ ಮಾಡ್ಕೊಳ್ಳೂದಿಲ್ಲಲ್ಲ?" ಎಂದು ಕೇಳಿದರೆ "ಇಲ್ಲ" ಎಂಬ ಉತ್ತರವನ್ನು ನಾವೇ ಬಾಯಿಗೆ ಇಟ್ಟಂತೆ. ಮೂರು, ಕೇಳಿಸಿಕೊಂಡು ಜೊತೆಗಿರುವುದು. "ಹೇಡಿಯಂಗ ಮಾತಾಡಬ್ಯಾಡ", "ನಿಮ್ಮಪ್ಪ ಅವ್ವ ನೆನಪಿಲ್ಲೇನು" ಎಂಬ ಮಾತುಗಳು ಬಾಗಿಲು ಮುಚ್ಚುತ್ತವೆ. ನಾಲ್ಕು, ಅದೇ ದಿನ ಒಬ್ಬ ಹಿರಿಯರಿಗೆ ಮುಟ್ಟಿಸುವುದು. ಗುಟ್ಟು ಮುರಿದರೆ ಸ್ನೇಹ ಕೆಲವು ದಿನ ಮುನಿಸಿಕೊಳ್ಳಬಹುದು. ಜೀವ ಉಳಿದರೆ ಮುನಿಸು ಕರಗಲು ಸಮಯ ಸಿಗುತ್ತದೆ.

ನಾಲ್ಕನೆಯ ಹೆಜ್ಜೆಯ ನಂತರ ಭಾರ ಹಿರಿಯರದು. ಗೆಳೆಯ ವೈದ್ಯನಾಗಬೇಕಿಲ್ಲ, ರಾತ್ರಿಯಿಡೀ ಒಬ್ಬನೇ ಕಾವಲು ಕಾಯಬೇಕಿಲ್ಲ. ಹಾಗೆಯೇ ಎಲ್ಲ ಮಾಡಿಯೂ ಗೆಳೆಯರನ್ನು ಕಳೆದುಕೊಂಡವರು ನಮ್ಮ ನಡುವೆ ಇದ್ದರೆ, ಅದು ನಿಮ್ಮ ತಪ್ಪಲ್ಲ. ನಿಮಗೂ ಮಾತನಾಡಲು ಒಬ್ಬರು ಬೇಕು.

ಉಪನ್ಯಾಸಕರಿಗೆ ಮತ್ತು ಪೋಷಕರಿಗೆ

ವಿದ್ಯಾರ್ಥಿ ನಿಮ್ಮ ಬಳಿ ಬಂದರೆ ಕೈಯಲ್ಲಿರುವ ಕೆಲಸ ಬದಿಗಿಡಿ. ಗಾಬರಿ ತೋರಿಸಬೇಡಿ, ಬೈಯಬೇಡಿ. ಒಂಟಿಯಾಗಿ ಮನೆಗೆ ಕಳಿಸಬೇಡಿ. ಮನೆಯವರನ್ನು ಕರೆಸಿ ಅವರ ಕೈಗೆ ಒಪ್ಪಿಸಿ. ಮನೆಯಲ್ಲೇ ಹೊಡೆತ ಅಥವಾ ದೌರ್ಜನ್ಯ ಇದೆ ಎಂದು ತಿಳಿದರೆ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಅಪಾಯ ತರಬಲ್ಲ ವಸ್ತುಗಳನ್ನು ಮನೆಯ ಹಿರಿಯರು ಕೆಲಕಾಲ ಬೀಗದಲ್ಲಿಡಬೇಕು. ತೀವ್ರ ಸಂಕಟದ ಗಳಿಗೆ ಅಲೆಯಂತೆ ಏರಿ ಇಳಿಯುತ್ತದೆ. ಆ ಹೊತ್ತನ್ನು ದಾಟಿಸಿದರೆ ಜೀವ ಉಳಿಯುವ ಸಾಧ್ಯತೆ ಬಹಳ.

ನಮ್ಮ ಅನೇಕ ಮನೆಗಳಲ್ಲಿ "ಈಮಾನ್ ಗಟ್ಟಿ ಇದ್ದರೆ ಹೀಗೆಲ್ಲ ಅನ್ನಿಸುವುದಿಲ್ಲ" ಎಂಬ ಮಾತು ಕೇಳಿಬರುತ್ತದೆ. ಮಗ ಯೂಸುಫರ ಅಗಲಿಕೆಯ ದುಃಖದಲ್ಲಿ ಕಣ್ಣು ಕಳೆದುಕೊಂಡ ಪ್ರವಾದಿ ಯಾಕೂಬರನ್ನು ನೆನೆಯಿರಿ. ಪತ್ನಿ ಖದೀಜಾ ಮತ್ತು ದೊಡ್ಡಪ್ಪ ಅಬೂ ತಾಲಿಬ್ ತೀರಿಕೊಂಡ ವರ್ಷವನ್ನು ಪ್ರವಾದಿಯವರ ಜೀವನಚರಿತ್ರೆಯಲ್ಲಿ ದುಃಖದ ವರ್ಷವೆಂದೇ ಕರೆಯುತ್ತಾರೆ. ದುಃಖ ನಂಬಿಕೆಯ ಕೊರತೆಯಲ್ಲ. ಜ್ವರ ಬಂದಾಗ ದುಆ ಮಾಡುತ್ತೇವೆ, ವೈದ್ಯರ ಹತ್ತಿರವೂ ಹೋಗುತ್ತೇವೆ. ಮನಸ್ಸಿಗೂ ಹಾಗೆಯೇ ಮಾಡೋಣ.

ಪೊಲೀಸ್ ಕೇಸಿನ ಹೆದರಿಕೆಯಿಂದ ಚಿಕಿತ್ಸೆ ತಡೆಯಬೇಡಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಕಲಮಿನ ಪ್ರಕಾರ ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಬೇಕು. ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ. ಕಾಲೇಜುಗಳಿಗೂ ಹೊಣೆ ಇದೆ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿಗಳಂತೆ 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರಿರಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಆಗಬೇಕು, ಅಂಕ ಹಿಡಿದು ಸಾರ್ವಜನಿಕವಾಗಿ ಅವಮಾನಿಸಬಾರದು.

ಫಲಿತಾಂಶದ ದಿನಗಳಲ್ಲಿ ಇನ್ನೊಂದು ಮಾತನ್ನು ಮನೆಮನೆಯಲ್ಲಿ ಹೇಳಬೇಕು. ನಮ್ಮ ರಾಜ್ಯದಲ್ಲಿ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರಲ್ಲಿ ಹೋದದ್ದನ್ನು ಮುಂದಿನದರಲ್ಲಿ ಅದೇ ವರ್ಷ ಪಡೆಯಬಹುದು.

ನಮ್ಮ ಜಿಲ್ಲೆಯಲ್ಲಿ ಎಲ್ಲಿಗೆ ಹೋಗಬೇಕು?

ವಿಜಯಪುರದ ಜಿಲ್ಲಾ ಆಸ್ಪತ್ರೆ, ಅಲ್-ಅಮೀನ್ ವೈದ್ಯಕೀಯ ಕಾಲೇಜು ಆಸ್ಪತ್ರೆ ಮತ್ತು ಬಿಎಲ್‌ಡಿಇಯ ಶ್ರೀ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ಸಿಗುತ್ತದೆ. ತಿಕೋಟಾ, ಬಬಲೇಶ್ವರದವರು ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಜಿಲ್ಲಾ ಮಾನಸಿಕ ಆರೋಗ್ಯ ತಂಡ ಯಾವ ದಿನ ಎಲ್ಲಿಗೆ ಬರುತ್ತದೆ ಎಂದು ಅಲ್ಲಿ ತಿಳಿಯುತ್ತದೆ. ದೇಶದಲ್ಲೆಲ್ಲ ಇರುವ ಈ ಜಿಲ್ಲಾ ಕಾರ್ಯಕ್ರಮದ ಮಾದರಿ ರೂಪುಗೊಂಡದ್ದು 1980ರ ದಶಕದಲ್ಲಿ ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ, ನಿಮ್ಹಾನ್ಸ್ ನೆರವಿನಿಂದ. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಯುವಜನರಿಗಾಗಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ ಯುವ ಸ್ಪಂದನ ಕೇಂದ್ರಗಳನ್ನು ಜಿಲ್ಲೆಗಳಲ್ಲಿ ನಡೆಸುತ್ತಿದೆ.

ಈ ಸಂಖ್ಯೆಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ:
ಟೆಲಿ-ಮಾನಸ್: 14416 ಅಥವಾ 1800-891-4416
ಮಕ್ಕಳ ಸಹಾಯವಾಣಿ: 1098
ತುರ್ತು ಸಹಾಯ: 112
ಆಂಬುಲೆನ್ಸ್: 108

ನಮ್ಮ ಉದಾಹರಣೆಯ ಕೊನೆ ಹೀಗಿರಲಿ. ಸರ್ ಇಬ್ಬರನ್ನೂ ಕೂರಿಸಿಕೊಂಡು ಮಾತನಾಡಿದರು. ಸಂಜೆಯ ಬಸ್ಸಿಗೆ ತಂದೆ ತಿಕೋಟಾದಿಂದ ಬಂದರು. ಮರುದಿನ ಆಸ್ಪತ್ರೆಗೆ ಹೋದರು. ಸಾಲ ಒಂದೇ ದಿನಕ್ಕೆ ತೀರಲಿಲ್ಲ, ಭೌತಶಾಸ್ತ್ರ ಸುಲಭವಾಗಲಿಲ್ಲ. ಚಿಕಿತ್ಸೆ ಕೆಲವು ತಿಂಗಳು ನಡೆಯಿತು. ಒಂದು ಭಾನುವಾರ ಅವನೇ ಬಂದು, "ನನ್ನ ಬ್ಯಾಟ ಕೊಡಲೇ" ಎಂದು ಕೇಳಿದ.

ಅಭ್ಯಾಸ

1. ಅಪಾಯದ ಅಂಶಕ್ಕೂ ಎಚ್ಚರಿಕೆಯ ಚಿಹ್ನೆಗೂ ಇರುವ ವ್ಯತ್ಯಾಸವೇನು? ಪಾಠದಲ್ಲಿ ಇಲ್ಲದ ಒಂದೊಂದು ಉದಾಹರಣೆ ಕೊಡಿ.
2. ಮೇಲಿನ ಲೆಕ್ಕದಲ್ಲಿ 500ರ ಬದಲು 1000 ವಿದ್ಯಾರ್ಥಿಗಳಿದ್ದು 30 ಮಂದಿ ಅಪಾಯದಲ್ಲಿದ್ದರೆ ಒಟ್ಟು ಎಷ್ಟು ಮಂದಿಯ ಜೊತೆ ಅಂದೇ ಮಾತನಾಡಬೇಕಾಗುತ್ತದೆ?
3. ಇಬ್ಬಿಬ್ಬರು ಕುಳಿತು ನಾಲ್ಕು ಹೆಜ್ಜೆಗಳ ಪಾತ್ರಾಭಿನಯ ಮಾಡಿ. ನೇರವಾದ ಪ್ರಶ್ನೆಯನ್ನು ನಿಮ್ಮ ಮನೆಮಾತಿನಲ್ಲಿ ಗಟ್ಟಿಯಾಗಿ ಹೇಳಿ ನೋಡಿ. ಮೊದಲ ಸಲ ನಾಲಿಗೆ ತಡವರಿಸುತ್ತದೆ, ಅದಕ್ಕೇ ಅಭ್ಯಾಸ.
4. ನಿಮಗೆ ಕಷ್ಟ ಬಂದರೆ ಹೋಗಿ ಹೇಳಬಹುದಾದ ಇಬ್ಬರು ಹಿರಿಯರ ಹೆಸರು ಬರೆದುಕೊಳ್ಳಿ. ಇದನ್ನು ಯಾರಿಗೂ ತೋರಿಸಬೇಕಾಗಿಲ್ಲ. ಒಂದೂ ಹೆಸರು ಹೊಳೆಯದಿದ್ದರೆ ನಿಮಗೆ ಇಷ್ಟವಾದ ಯಾವ ಉಪನ್ಯಾಸಕರನ್ನಾದರೂ ಈ ವಾರ ಭೇಟಿಯಾಗಿ, "ಒಂದು ಹೆಸರು ಬೇಕಾಗಿತ್ತು" ಎಂದಷ್ಟೇ ಹೇಳಿ. ಅವರಿಗೆ ಅರ್ಥವಾಗುತ್ತದೆ. ಅವರೂ ಈ ಪಾಠ ಓದಿರುತ್ತಾರೆ.